ನಲವತ್ತೇಳು ಹನಿಗಳು

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ತಾತ್ಸಾರ. ಕಾಸರಗೋಡಿನ ಕಡೆಯ ನಮ್ಮ ನೆಂಟರಲ್ಲಿ ಮದುವೆಮನೆಯ ಊಟ ಮುಗಿದು ನಾಲ್ಕು ಜನ ಕಾಲು ಚಾಚಿ ಕೂತರೆ ಇಂಥದ್ದೊಂದು ಕಥೆ ಬಾರದೆ ಇರುವುದಿಲ್ಲ. ಕನಸಿನಲ್ಲಿ ದೊಡ್ಡಪ್ಪ ಬಂದರು, ಬೆಳಗಾದರೆ ಅವರು ತೀರಿಕೊಂಡ ಸುದ್ದಿ ಬಂತು, ಹೀಗೆ. ನಾನು ತಕ್ಷಣ ಬಾಯಿ ಹಾಕುತ್ತಿದ್ದೆ. ದೊಡ್ಡಪ್ಪ ಕನಸಿಗೆ ಬಂದೂ ಗಟ್ಟಿಮುಟ್ಟಾಗಿ ಉಳಿದ ದಿನಗಳು ಎಷ್ಟು, ಅದನ್ನು ಎಣಿಸಿದ್ದೀರಾ ಎಂದು ಕೇಳುತ್ತಿದ್ದೆ. ಹೇಳುತ್ತಿದ್ದವರ ಮುಖ ಸಪ್ಪಗಾಗುತ್ತಿತ್ತು, ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಸಂಖ್ಯಾಶಾಸ್ತ್ರ ಓದಿ ಅದರಿಂದಲೇ ಅನ್ನ ತಿನ್ನುವವನಿಗೆ ಅಷ್ಟಾದರೂ ಜಂಬ ಇರಬೇಡವೇ?

ಈಗ ನಾನೇ ಅಂಥದ್ದೊಂದನ್ನು ಹೇಳಲು ಹೊರಟಿದ್ದೇನೆ. ನಂಬಿ ಎಂದು ಕೇಳುವ ಮುಖ ನನಗಿಲ್ಲ. ಏಕೆಂದರೆ ಈ ವಿಚಿತ್ರವನ್ನು ಹೇಳಬೇಕಾದರೆ ಮೊದಲು ನಾನು ಮಾಡಿದ ಒಂದು ಕಳ್ಳ ಕೆಲಸವನ್ನು ಹೇಳಬೇಕು. ಅದನ್ನು ಮರೆಮಾಚಿ ಇದನ್ನಷ್ಟೇ ಹೇಳುವ ದಾರಿಯನ್ನು ಏಳು ವರ್ಷ ಹುಡುಕಿದೆ. ಸಿಗಲಿಲ್ಲ.

ಆಗ ನಾನು ತಿರುವನಂತಪುರದ ಒಂದು ಸಣ್ಣ ಸಂಶೋಧನಾ ಕಚೇರಿಯಲ್ಲಿದ್ದೆ. ನಮ್ಮ ಕೈಗೆ ಬಂದ ಯೋಜನೆಯ ಪ್ರಶ್ನೆ ಕೇಳಲಿಕ್ಕೆ ಬಹಳ ಸರಳ. ಮಳೆ ಸುರಿಯುವಾಗ ಹನಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಎಲ್ಲೆಂದರಲ್ಲಿ ಬೀಳುತ್ತವೆಯೋ, ಇಲ್ಲ ಗುಂಪು ಕಟ್ಟಿಕೊಂಡು ಬೀಳುತ್ತವೆಯೋ? ಒಂದು ಹಿಡಿ ಸಾಸಿವೆಯನ್ನು ನೆಲಕ್ಕೆ ಚೆಲ್ಲಿ ನೋಡಿ. ಅದು ಎಲ್ಲ ಕಡೆ ಸಮನಾಗಿ ಹರಡಿಕೊಳ್ಳುವುದಿಲ್ಲ. ಒಂದೆಡೆ ನಾಲ್ಕು ಕಾಳು ಒತ್ತಿಕೊಂಡು ಬೀಳುತ್ತವೆ, ಇನ್ನೊಂದೆಡೆ ಅಂಗೈಯಗಲದ ಜಾಗ ಖಾಲಿ ಉಳಿಯುತ್ತದೆ. ಬರೀ ಆಕಸ್ಮಿಕವಾದದ್ದಕ್ಕೂ ಇಷ್ಟು ಗುಂಪು ಇದ್ದೇ ಇರುತ್ತದೆ, ಅದು ಎಷ್ಟಿರಬೇಕು ಎಂಬುದಕ್ಕೆ ನಮ್ಮಲ್ಲಿ ಸೂತ್ರವೂ ಇದೆ. ಮಳೆಹನಿಗಳು ಆ ಸೂತ್ರ ಹೇಳುವುದಕ್ಕಿಂತ ಹೆಚ್ಚು ಗುಂಪಾಗುತ್ತವೆಯೇ ಎಂಬುದನ್ನು ನಾವು ಕಂಡುಹಿಡಿಯಬೇಕಿತ್ತು.

ದುಬಾರಿ ಯಂತ್ರ ಕೊಳ್ಳುವ ಶಕ್ತಿ ಕಚೇರಿಗಿರಲಿಲ್ಲ. ಹಾಗಾಗಿ ಹಳೆಯ ಕಾಲದ ಉಪಾಯವನ್ನೇ ಹಿಡಿದೆವು. ಊಟದ ತಟ್ಟೆಯಷ್ಟು ಅಗಲದ ಫಿಲ್ಟರ್ ಕಾಗದಕ್ಕೆ ಒಂದು ಬಗೆಯ ಬಣ್ಣದ ಪುಡಿ ಸವರಿರುತ್ತದೆ. ಒಣಗಿದ್ದಾಗ ಏನೂ ಕಾಣದು, ಹನಿ ಬಿದ್ದ ಕಡೆ ಮಾತ್ರ ನೀಲಿ ಕಲೆ ಮೂಡಿ ಹಾಗೆಯೇ ಉಳಿಯುತ್ತದೆ. ಮಳೆ ಬಂದಾಗಲೆಲ್ಲ ತಾರಸಿಗೆ ಹೋಗಿ, ಪೆಟ್ಟಿಗೆಯೊಳಗಿನ ಕಾಗದವನ್ನು ಎರಡು ಸೆಕೆಂಡು ತೆರೆದು ಮುಚ್ಚಬೇಕು. ಅಂಚಿನಲ್ಲಿ ಪೆನ್ಸಿಲಿನಿಂದ ದಿನ, ಗಂಟೆ ಬರೆದು ಸಹಿ ಹಾಕಬೇಕು. ಆಮೇಲೆ ಒಂದೊಂದು ಕಲೆ ಎಲ್ಲಿದೆ ಎಂದು ಅಳೆದು ಕಂಪ್ಯೂಟರಿಗೆ ಹಾಕುವುದು ನನ್ನ ಪಾಲಿನ ಕೆಲಸ.

ಕಾಗದ ಹಿಡಿಯಲು ಎರಡು ತಾರಸಿಗಳಿದ್ದವು. ತಿರುವನಂತಪುರದ ಕಚೇರಿಯದ್ದು ನನ್ನ ಸುಪರ್ದಿಯಲ್ಲಿತ್ತು. ಇನ್ನೊಂದು ಕೊಚ್ಚಿಯ ಪಾಲಾರಿವಟ್ಟಂನಲ್ಲಿ, ಒಂದು ಬಾಡಿಗೆ ಕಟ್ಟಡದ ಮೇಲೆ. ಅಲ್ಲಿದ್ದವರು ವಾರಿಜಕ್ಕ. ಅವರೂ ಕಾಸರಗೋಡಿನ ಕನ್ನಡದವರು, ನನಗಿಂತ ಐದಾರು ವರ್ಷ ದೊಡ್ಡವರು. ಗಂಡ ವಲ್ಲಾರ್ಪಾಡಂನ ಕಂಟೇನರ್ ಬಂದರಿನಲ್ಲಿ ಟ್ರೈಲರ್ ಓಡಿಸುತ್ತಿದ್ದರು, ಒಬ್ಬಳೇ ಮಗಳು. ಫಿಸಿಕ್ಸಿನಲ್ಲಿ ಡಿಗ್ರಿ ಮುಗಿಸಿ ಎಷ್ಟೋ ವರ್ಷ ಅಂಗಡಿಯಲ್ಲಿ ಬಿಲ್ಲು ಬರೆದು ಕಳೆದವರಿಗೆ, ಓದಿದ್ದಕ್ಕೆ ಒಪ್ಪುವಂತೆ ಸಿಕ್ಕ ಮೊದಲ ಕೆಲಸ ಇದು. ವರ್ಷದ ಗುತ್ತಿಗೆ, ಚೆನ್ನಾಗಿ ಮಾಡಿದರೆ ಕಚೇರಿಯ ಮುಂದಿನ ಯೋಜನೆಗೂ ಮುಂದುವರಿಕೆ. ಅವರಿಗೆ ಈ ಕೆಲಸದ ಮೇಲಿದ್ದ ಪ್ರೀತಿ ನೋಡಿ ನಾನು ತಮಾಷೆ ಮಾಡುತ್ತಿದ್ದೆ. ಮಳೆ ಬಂದ ಮರುದಿನ ಫೋನು ಬಂದೇ ಬರುತ್ತಿತ್ತು.

“ನಿನ್ನೆ ಮೂರು ಕಾಗದ ಸಿಕ್ಕಿತು ಸಾರ್. ಹನಿಗಳು ಎಂತ ಮಾರಾಯ್ರೆ, ಊಟದ ಪಂಕ್ತಿಗೆ ನುಗ್ಗಿದ ಹಾಗೆ ಒಂದೇ ಕಡೆ ಬಿದ್ದಿದ್ದಾವೆ. ನಿಮ್ಮಲ್ಲಿಯೂ ಹಾಗೆಯಾ?”

ನಮ್ಮಲ್ಲಿ ಹೇಗೆ ಎಂದು ನನಗೆ ಗೊತ್ತಿದ್ದರೆ ತಾನೇ ಹೇಳುವುದು. ನಾಚಿಕೆಯ ಮಾತು ಇಲ್ಲಿಂದ ಶುರು. ಮೊದಲ ಒಂದೆರಡು ಮಳೆಗಳಲ್ಲಿ ನಾನು ಸರಿಯಾಗಿಯೇ ತಾರಸಿ ಹತ್ತಿದೆ. ಆಮೇಲೆ ಒಂದು ದಿನ ಜ್ವರವಿತ್ತು, ಹತ್ತಲಿಲ್ಲ. ಲೆಕ್ಕಕ್ಕೆ ಒಂದು ಕಾಗದ ಕಡಿಮೆಯಾಯಿತಲ್ಲ ಎಂದು ಮರುದಿನ ಕೋಣೆಯ ಬಾಗಿಲು ಹಾಕಿಕೊಂಡು, ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನಲ್ಲಿ ನೀರು ತುಂಬಿ ನಾನೇ ಹನಿ ಹಾಕಿದೆ. ಅದು ಸುಲಭವಾಗಿತ್ತು. ಮುಂದಿನ ಮಳೆಗೆ ಜ್ವರ ಬೇಕಾಗಲಿಲ್ಲ, ಚಹಾ ಆರಿಹೋಗುತ್ತದೆ ಎಂಬಷ್ಟು ಕಾರಣ ಸಾಕಾಯಿತು. ಆ ಮಳೆಗಾಲದ ಕೊನೆಗೆ ನನ್ನ ಕಪಾಟಿನಲ್ಲಿದ್ದ ಕಾಗದಗಳಲ್ಲಿ ಮೊದಲಿನ ಒಂದೆರಡನ್ನು ಬಿಟ್ಟರೆ ಉಳಿದವು ಮಳೆಯನ್ನು ಕಂಡವೇ ಅಲ್ಲ.

ನನ್ನ ಜಾಣತನವನ್ನೂ ಹೇಳಿಬಿಡುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಹನಿಗಳನ್ನು ಅಂದಾಜಿನಲ್ಲಿ ಸಮನಾಗಿ ಹರಡಿ ಸಿಕ್ಕಿಬೀಳುತ್ತಿದ್ದರು. ನಾನು ಕಂಪ್ಯೂಟರಿನಿಂದ ಆಕಸ್ಮಿಕ ಸಂಖ್ಯೆಗಳನ್ನು ತೆಗೆದು, ಅವು ಹೇಳಿದ ಜಾಗದಲ್ಲೇ ಹನಿ ಬಿಡುತ್ತಿದ್ದೆ. ಗುಂಪೂ ಇರುತ್ತಿತ್ತು, ಖಾಲಿಯೂ ಇರುತ್ತಿತ್ತು, ಸೂತ್ರ ಎಷ್ಟು ಹೇಳುತ್ತದೋ ಅಷ್ಟೇ. ಹನಿಗಳು ಸೂತ್ರದಂತೆ ಬೀಳುತ್ತವೆಯೇ ಎಂದು ಮಳೆಯನ್ನು ಕೇಳಬೇಕಾದವನು ಉತ್ತರವನ್ನು ತಾನೇ ಬರೆದು ಮಳೆಯ ಹೆಸರು ಹಾಕಿದ್ದೆ. ಇಷ್ಟು ಸಣ್ಣ ವಿಷಯ ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಳೆಗಾಲ ಮುಗಿದು ಎರಡೂ ಊರುಗಳ ಲೆಕ್ಕ ಮುಂದಿಟ್ಟಾಗ ಗೋಳು ಶುರುವಾಯಿತು. ನನ್ನ ಕಾಗದಗಳು ಸೂತ್ರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದವು. ವಾರಿಜಕ್ಕನ ಕಾಗದಗಳಲ್ಲಿ ಹನಿಗಳು ಬಹಳ ಹೆಚ್ಚು ಗುಂಪಾಗಿದ್ದವು. ನಮ್ಮ ಮೇಲಧಿಕಾರಿಯನ್ನು ಎಲ್ಲರೂ ಸಾರ್ ಎಂದೇ ಕರೆಯುತ್ತಿದ್ದೆವು. ಅವರು ಒಳ್ಳೆಯ ಮನುಷ್ಯ, ಅವಸರದವರಲ್ಲ. ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ಪಾಲಾರಿವಟ್ಟಂನ ತಾರಸಿಯ ಹತ್ತಿರ ಏನಾದರೂ ಇದೆಯೇ ಎಂದು ನನ್ನನ್ನು ಕೇಳಿದರು. ಮಳೆಗಾಲಕ್ಕೆ ಮೊದಲು ಪೆಟ್ಟಿಗೆ ಕೊಟ್ಟು ಬರಲು ಹೋಗಿದ್ದರಿಂದ ಕಚೇರಿಯಲ್ಲಿ ಆ ತಾರಸಿಯನ್ನು ನೋಡಿದವನು ನಾನೊಬ್ಬನೇ.

“ಪಕ್ಕದಲ್ಲಿ ಒಂದು ತೆಂಗಿನಮರ ಇದೆ ಸಾರ್” ಎಂದೆ.

ಮರ ಇದ್ದದ್ದು ನಿಜ. ಆದರೆ ಅದು ಆಚೆ ಹಿತ್ತಲಿನಲ್ಲಿತ್ತು, ಅದರ ಗರಿ ತಾರಸಿಯ ಅಂಚಿಗೂ ತಾಗುತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ. ಗರಿಯಿಂದ ತೊಟ್ಟಿಕ್ಕಿದ ನೀರು ಒಂದೇ ಕಡೆ ಬಿದ್ದಿದೆ, ಈ ಹೆಂಗಸು ಮಳೆಯಲ್ಲಿ ನೆನೆಯಲಾರದೆ ಮರದ ಅಡಿಯಲ್ಲಿ ಕಾಗದ ಹಿಡಿದಿದ್ದಾರೆ ಎಂದು ಸಾರ್ ತೀರ್ಮಾನಿಸಿದರು. ಮಳೆಯಲ್ಲಿ ನೆನೆಯಲಾರದವನು ಅವರ ಎದುರಿಗೇ ಕೂತಿದ್ದ. ವಾರಿಜಕ್ಕನ ಕಾಗದಗಳನ್ನೆಲ್ಲ ಕೈಬಿಡಲಾಯಿತು. ಕೆಲಸದಲ್ಲಿ ಅಜಾಗರೂಕತೆ ತೋರಿದ್ದರಿಂದ ಗುತ್ತಿಗೆ ಮುಂದುವರಿಸುವುದಿಲ್ಲ ಎಂಬ ಪತ್ರ ಹೋಯಿತು.

ಪೆಟ್ಟಿಗೆ, ಕಾಗದ ಎಲ್ಲ ತರಲು ನನ್ನನ್ನೇ ಕೊಚ್ಚಿಗೆ ಕಳಿಸಿದರು. ಬೆಳಗಿನ ರೈಲಿನಲ್ಲಿ ಎರ್ನಾಕುಲಂ ತಲುಪಿ ಅಲ್ಲಿಂದ ಮೆಟ್ರೋ ಹಿಡಿದು ಹೋದೆ. ವಾರಿಜಕ್ಕ ಎಲ್ಲವನ್ನೂ ಒಪ್ಪವಾಗಿ ಕಟ್ಟಿಟ್ಟಿದ್ದರು. ಅಳಲಿಲ್ಲ, ಸಿಟ್ಟಾಗಲಿಲ್ಲ. ಚಹಾ ತರಿಸಿ ಕೊಟ್ಟು, ಬಾಳೆಹಣ್ಣು ಕರಿದ ಪಳಂಪೊರಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. ಮಧ್ಯಾಹ್ನ ಮೂರು ದಾಟಿರಬೇಕು, ತುಲಾಮಾಸದ ಹಿಂಗಾರಿನ ಗುಡುಗು ಶುರುವಾಯಿತು.

“ಮಳೆ ಬರ್ತದೆ ಸಾರ್. ಒಂದೇ ಒಂದು ಕಾಗದ ತೆಗೀತೇನೆ, ಆಗ್ಬಹುದಾ?”

“ಎಲ್ಲ ಕಟ್ಟಿ ಆಯ್ತಲ್ಲ ವಾರಿಜಕ್ಕ.”

“ಒಂದು ಬಿಚ್ಚಿದ್ರೆ ಆಯ್ತು. ಮರದ ಅಡಿಯಲ್ಲಿ ಇಟ್ಟದ್ದು ಅಂತ ಬರ್ದಿದ್ದಾರೆ. ಯಾರು ಹೇಳಿದ್ದೋ, ಅವರಿಗೆ ಕಣ್ಣು ಉಂಟೋ ಇಲ್ವೋ. ನೀವು ನೋಡ್ತಾ ನಿಲ್ಲಿ. ಮರ ಎಲ್ಲುಂಟು, ನಾನು ಎಲ್ಲಿ ಇಡ್ತೇನೆ ಅಂತ ನೋಡಿ, ಹೋಗಿ ಸಾರ್‌ಗೆ ಹೇಳಿ.”

ನಾನು ಮೆಟ್ಟಿಲಿನ ಬಾಗಿಲಲ್ಲಿ ಕೊಡೆ ಹಿಡಿದು ನಿಂತೆ. ಅವರು ಮುಚ್ಚಿದ್ದ ಕಟ್ಟಿನಿಂದ ಒಂದು ಕಾಗದ ತೆಗೆದು, ಎರಡೂ ಬದಿ ನನಗೆ ತೋರಿಸಿ ಪೆಟ್ಟಿಗೆಯಲ್ಲಿಟ್ಟರು. ಅಚ್ಚ ಬಿಳಿ ಕಾಗದ, ಒಂದು ಚುಕ್ಕೆಯೂ ಇರಲಿಲ್ಲ. ತಾರಸಿಯ ನಟ್ಟನಡುವೆ, ಆ ಸುರಿಯುವ ಮಳೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆರೆದು “ಒಂದು, ಎರಡು” ಎಂದು ಗಟ್ಟಿಯಾಗಿ ಎಣಿಸಿ ಮುಚ್ಚಿದರು. ಒಳಗೆ ಬಂದು ತಲೆ ಒರೆಸಿಕೊಳ್ಳುವ ಮೊದಲೇ ಪೆನ್ಸಿಲು ತೆಗೆದು ದಿನ, ಗಂಟೆ ಬರೆದು ಸಹಿ ಹಾಕಿದರು. ಸೀರೆಯಿಂದ ನೀರಿಳಿದು ನೆಲದಲ್ಲಿ ನಿಂತಿತ್ತು. ಕಾಗದವನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಡುತ್ತಾ, ಇದನ್ನು ಮಾತ್ರ ಮರೆಯದೆ ಕೊಡಿ ಎಂದರು. ಖಂಡಿತ ಎಂದೆ. ಆ ಕ್ಷಣದಲ್ಲಿ ನನಗೆ ಕೊಡುವ ಮನಸ್ಸು ಇತ್ತು, ಅದನ್ನಾದರೂ ನಂಬಿ.

ಮರುದಿನ ಹಗಲು ಹನ್ನೊಂದರ ಸುಮಾರಿಗೆ ನಾನು ಆ ಕಾಗದವನ್ನು ಮೇಜಿನ ಮೇಲೆ ಹಾಸಿ, ಚೌಕ ಗೆರೆಗಳ ಗಾಜನ್ನು ಅದರ ಮೇಲಿಟ್ಟು ಒಂದೊಂದೇ ಕಲೆಯ ಜಾಗವನ್ನು ಕಂಪ್ಯೂಟರಿಗೆ ಹಾಕುತ್ತಾ ಹೋದೆ. ಒಟ್ಟು ನಲವತ್ತೇಳು ಕಲೆಗಳು. ಕೊನೆಯದನ್ನು ಹಾಕಿ ಗುಂಡಿ ಒತ್ತಿದರೆ ಅದು ಸ್ವೀಕರಿಸಲಿಲ್ಲ. ಈ ಕಾಗದ ಮೊದಲೇ ದಾಖಲಾಗಿದೆ ಎಂದು ತೋರಿಸಿತು. ಒಂದೇ ಕಾಗದವನ್ನು ಮರೆತು ಎರಡು ಸಲ ಹಾಕುವುದು ಆಗಾಗ ನಡೆಯುತ್ತಿತ್ತು, ಅದಕ್ಕಾಗಿ ಈ ತಡೆಯನ್ನು ನಾನೇ ಬರೆದಿದ್ದೆ. ಯಾವ ಕಾಗದ ಎಂದು ನೋಡಿದೆ. ತಿರುವನಂತಪುರದ್ದು, ನಾಲ್ಕು ತಿಂಗಳು ಹಳೆಯದು, ನನ್ನ ಸಹಿ ಇದ್ದದ್ದು.

ಕಪಾಟಿನ ಬೀಗ ತೆಗೆದು ಆ ಹಳೆಯ ಕಾಗದವನ್ನು ಹುಡುಕಿದೆ. ಅದು ಇಟ್ಟಲ್ಲೇ ಇತ್ತು. ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಹೊರಗೆ ಚೆನ್ನಾಗಿ ಬಿಸಿಲಿತ್ತು. ಒಂದು ಕಾಗದದ ಕಲೆಗಳು ಇನ್ನೊಂದರ ಕಲೆಗಳ ಹಿಂದೆ ಅಡಗಿಕೊಂಡವು. ನಲವತ್ತೇಳೂ. ದೊಡ್ಡದರ ಹಿಂದೆ ದೊಡ್ಡದು, ಸಣ್ಣದರ ಹಿಂದೆ ಸಣ್ಣದು. ನನ್ನ ಕಾಗದದ ಬಲ ಅಂಚಿನಲ್ಲಿ ಒಂದು ಕಲೆ ಬಳೆಯ ಹಾಗೆ ಇತ್ತು, ಸುತ್ತ ನೀಲಿ, ನಡುವೆ ಬಿಳಿ. ಡ್ರಾಪರಿನೊಳಗೆ ಗಾಳಿ ಸೇರಿ ಹನಿ ಒಡೆದು ಹಾಗಾಗಿದ್ದು ನನಗೆ ಚೆನ್ನಾಗಿ ನೆನಪಿತ್ತು, ಕಾಗದ ಎಸೆಯಲೇ ಎಂದು ಯೋಚಿಸಿ ಸೋಮಾರಿತನದಿಂದ ಉಳಿಸಿಕೊಂಡಿದ್ದೆ. ವಾರಿಜಕ್ಕನ ಕಾಗದದಲ್ಲೂ ಅದೇ ಜಾಗದಲ್ಲಿ ಬಳೆಯಿತ್ತು. ನಿಜವಾದ ಮಳೆಯ ಕಾಗದದಲ್ಲಿ ಅಂಥ ಕಲೆಯನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಕಾಗದಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಹಿಡಿದೆ, ಹಾಗೆಯೇ ಇತ್ತು. ಆದರೂ ಬುದ್ಧಿ ಬಿಡಲಿಲ್ಲ, ಕಾರಣ ಹುಡುಕಿತು. ನಾನು ಹನಿ ಹಾಕುವಾಗ ನೀರು ಕೆಳಗಿನ ಕಾಗದಕ್ಕೂ ಇಳಿದು, ಆ ಕಾಗದ ಹೇಗೋ ಕೊಚ್ಚಿಗೆ ಹೋಗಿರಬಹುದೇ? ಆದರೆ ಅದರ ಎರಡೂ ಬದಿ ಬಿಳಿಯಾಗಿದ್ದುದನ್ನು ನಾನೇ ನೋಡಿದ್ದೆ. ಕೊಚ್ಚಿಯ ಕಟ್ಟುಗಳು ನಾನು ಈ ಕಳ್ಳಾಟ ಶುರುಮಾಡುವ ಮೊದಲೇ ಹೋಗಿದ್ದವು. ಅದನ್ನೆಲ್ಲ ಬಿಟ್ಟರೂ, ಆ ಎರಡು ಸೆಕೆಂಡಿನ ಮಳೆಯ ಹನಿಗಳು ಎಲ್ಲಿ ಹೋದವು? ಅವೂ ಬಿದ್ದಿದ್ದರೆ ಕಲೆಗಳು ನೂರಾಗಬೇಕಿತ್ತು. ಇದ್ದದ್ದು ನಲವತ್ತೇಳೇ. ಮಳೆಯಿಂದ ಯಾವ ವಿನ್ಯಾಸವಾದರೂ ಬರಬಹುದು, ಒಂದೊಂದೂ ಇನ್ನೊಂದರಷ್ಟೇ ಅಪರೂಪ ಎಂದು ನೆಂಟರಿಗೆ ಹೇಳುವಂತೆ ನನಗೂ ಹೇಳಿಕೊಂಡೆ. ಆ ಸಮಾಧಾನ ಊಟದ ಹೊತ್ತಿನವರೆಗೂ ನಿಲ್ಲಲಿಲ್ಲ.

ಮಧ್ಯಾಹ್ನ ಸಾರ್ ಕರೆದರು. ಹೋದವನು ಒಂದು ಕಾಗದವನ್ನು ನಿನ್ನ ಕಣ್ಣೆದುರಿಗೇ ತೆಗೆಸಿದೆಯಾ, ಅದು ನಿನ್ನವುಗಳ ಹಾಗೆಯೇ ಬಂದಿದ್ದರೆ ಆಕೆಗೆ ಕೆಲಸ ಗೊತ್ತಿದೆ ಎಂದಾಗುತ್ತದೆ, ಪತ್ರವನ್ನು ವಾಪಸು ಪಡೆಯಬಹುದು ಎಂದರು. ಅವರ ಮನಸ್ಸಿನಲ್ಲೂ ಅದು ಕೊರೆಯುತ್ತಿತ್ತು ಎಂದು ಕಾಣುತ್ತದೆ. ಕಾಗದ ನನ್ನ ಮೇಜಿನ ಮೇಲೇ ಇತ್ತು. ಅವರು ಕೇಳಿದ್ದಕ್ಕಿಂತ ಸಾವಿರ ಪಾಲು ಹೆಚ್ಚಾಗಿಯೇ ಅದು ನನ್ನದರ ಹಾಗಿತ್ತು. ಅದನ್ನು ಕೊಟ್ಟರೆ ಸಾರ್ ಕಂಪ್ಯೂಟರಿಗೆ ಹಾಕಿಸುತ್ತಾರೆ, ಕಂಪ್ಯೂಟರ್ ನನ್ನ ಕಾಗದವನ್ನು ತೋರಿಸುತ್ತದೆ, ಎರಡರಲ್ಲಿ ಒಂದು ಸುಳ್ಳು ಎಂದು ಯಾರಿಗಾದರೂ ತಿಳಿಯುತ್ತದೆ.

“ಮಳೆ ಬರಲಿಲ್ಲ ಸಾರ್” ಎಂದೆ.

ಹಿಂದಿನ ಸಂಜೆ ಎರ್ನಾಕುಲಂನ ರಸ್ತೆಯಲ್ಲಿ ನಾನು ಪ್ಯಾಂಟು ಮಡಚಿಕೊಂಡು ನೀರಿನಲ್ಲಿ ನಡೆದು ಸ್ಟೇಷನ್ನಿಗೆ ಬಂದಿದ್ದೆ. ಸಾರ್ ಆ ಕಡತವನ್ನು ಮುಚ್ಚಿ ಪಕ್ಕಕ್ಕಿಟ್ಟರು.

ವಾರಿಜಕ್ಕ ಮೂರು ದಿನ ಬಿಟ್ಟು ಫೋನು ಮಾಡಿದಾಗ ಇನ್ನೊಂದು ಸುಳ್ಳು ಹೇಳಿದೆ. ತೋರಿಸಿದೆ, ನಿಮ್ಮ ಪರವಾಗಿ ಎಷ್ಟೋ ಹೇಳಿದೆ, ಅವರು ಒಪ್ಪಲಿಲ್ಲ ಎಂದೆ. “ನೀವಾದ್ರೂ ಹೇಳಿದಿರಲ್ಲ ಸಾರ್, ಅಷ್ಟು ಸಾಕು” ಎಂದರು. ಅಲ್ಲಿಂದ ಮುಂದೆ ಪ್ರತಿ ವಿಷು ಹಬ್ಬಕ್ಕೂ ಅವರ ಫೋನು ಬರುತ್ತಿತ್ತು. ಹೆಂಡತಿ ಮಕ್ಕಳ ಆರೋಗ್ಯ ಕೇಳುತ್ತಿದ್ದರು. ಆ ಫೋನು ಬಂದ ದಿನ ನಾನು ಪಾಯಸ ಬಡಿಸಿಕೊಳ್ಳುತ್ತಿರಲಿಲ್ಲ.

ಆಮೇಲಿನ ಮಳೆಗಾಲದಲ್ಲಿ, ಯೋಜನೆ ಮುಗಿದಿದ್ದರೂ, ಯಾರೂ ಹೇಳದೆ ನಾನೇ ತಾರಸಿ ಹತ್ತಿದೆ. ಒಂದು ಮಳೆಯನ್ನೂ ತಪ್ಪಿಸಲಿಲ್ಲ. ನನ್ನ ಕಾಗದಗಳಲ್ಲೂ ಹನಿಗಳು ಗುಂಪುಗುಂಪಾಗಿಯೇ ಬಿದ್ದವು, ವಾರಿಜಕ್ಕ ಫೋನಿನಲ್ಲಿ ಹೇಳುತ್ತಿದ್ದ ಹಾಗೆಯೇ. ಅವರು ಹಿಡಿದದ್ದೆಲ್ಲ ಸರಿಯಾಗಿತ್ತು. ಅವರ ಕೈಯಿಂದ ಬಂದ ಅಷ್ಟೂ ಕಾಗದಗಳಲ್ಲಿ ಮಳೆಯ ಹಾಗಿರದೆ ನನ್ನ ಹಾಗಿದ್ದದ್ದು ಆ ಕೊನೆಯದೊಂದೇ. ಏಕೆ ಅದೊಂದೇ, ಏಕೆ ಅವತ್ತೇ ಎಂದು ಕೇಳಿಕೊಂಡು ಎಷ್ಟೋ ಕಾಲ ಕಳೆದೆ. ಯಾರಾದರೂ ನನ್ನನ್ನು ಹಿಡಿಯಲೆಂದು ಹಾಗೆ ಮಾಡಿದರೋ, ಇಲ್ಲ ವಾರಿಜಕ್ಕನನ್ನು ಉಳಿಸಲಿಕ್ಕೊಂದು ಅವಕಾಶ ಕೊಟ್ಟರೋ? ಈ “ಯಾರಾದರೂ” ಎಂಬ ಮಾತು ನನ್ನ ಬಾಯಲ್ಲಿ ಬರುವ ಕಾಲ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಕಳೆದ ವರ್ಷ ಸಾರ್ ತೀರಿಕೊಂಡರು. ಹೆದರಲು ಇನ್ನು ಯಾರೂ ಉಳಿಯಲಿಲ್ಲ ಎಂದಾದ ಮೇಲೆ ನನಗೆ ಧೈರ್ಯ ಬಂತು, ಅದೂ ನಾಚಿಕೆಗೇಡಿನ ಮಾತೇ. ಎರಡು ಕಾಗದಗಳನ್ನೂ ತೆಗೆದುಕೊಂಡು ಒಂದು ಭಾನುವಾರ ಎರ್ನಾಕುಲಂಗೆ ಹೋದೆ. ವಾರಿಜಕ್ಕ ಈಗ ಅಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಾರೆ. ಬಾಗಿಲು ತೆಗೆದ ಮಗಳು ಹೈಸ್ಕೂಲು ಮುಗಿಸುವಷ್ಟು ದೊಡ್ಡವಳಾಗಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು “ಅಮ್ಮ ಅಕತ್ತುಂಡು”, ಅಮ್ಮ ಒಳಗಿದ್ದಾರೆ, ಎಂದು ಮಲಯಾಳದಲ್ಲಿ ಹೇಳಿ ಒಳಗೆ ಕರೆದಳು.

ಎಲ್ಲವನ್ನೂ ಹೇಳಿದೆ, ಡ್ರಾಪರಿನಿಂದ ಹಿಡಿದು. ಕಾಗದಗಳನ್ನು ಒಂದರ ಮೇಲೊಂದಿಟ್ಟು ದೀಪಕ್ಕೆ ಹಿಡಿದು ತೋರಿಸಿದೆ. ವಾರಿಜಕ್ಕ ಬಹಳ ಹೊತ್ತು ನೋಡಿದರು. ನನ್ನ ಹಾಗೆ ಅವರೂ ಬೆಚ್ಚಿಬೀಳುತ್ತಾರೆ, ಇಬ್ಬರೂ ಸೇರಿ ಆಶ್ಚರ್ಯಪಡುತ್ತೇವೆ ಎಂದು ನಾನು ಒಳಗೆ ಆಸೆ ಇಟ್ಟುಕೊಂಡಿದ್ದೆ.

“ಇದು ದೇವರಿಗೇ ಗೊತ್ತು” ಎಂದು ಕಾಗದಗಳನ್ನು ಕೆಳಗಿಟ್ಟರು. “ಆ ತೆಂಗಿನಮರದ ಮಾತು ಹೇಳಿದ್ದು ನೀವಾ?”

“ನಾನೇ.”

“ನಾನು ಇಷ್ಟು ವರ್ಷ ಆ ಸಾರನ್ನು ಬಯ್ದೆ. ಪಾಪ, ಸತ್ತೇ ಹೋದರಲ್ಲ.”

ನಾನು ಕಾಗದಗಳನ್ನು ಮತ್ತೆ ಡಬ್ಬಿಗೆ ಹಾಕಿದೆ. ಅವರೇ ಮುಂದುವರಿಸಿದರು: “ನಮ್ಮ ಮನೆಯಲ್ಲಿ ಎಂತ ಹಾಳಾದ್ರೂ, ಅಮ್ಮ ಮರದ ಅಡಿಯಲ್ಲಿ ಮಳೆ ಹಿಡಿದವಳಲ್ವಾ ಅಂತ ನಗಾಡ್ತಾರೆ. ಗಂಡನೂ, ಇವಳೂ. ನಾನೂ ನಗಾಡ್ತೇನೆ. ಮಾಡುದೆಂತ? ಒಂದು ಕೆಲಸ ಮಾಡಿ ನೀವು. ಅವತ್ತು ಮಳೆ ಬಂದಿತ್ತು, ನಾನು ಬಯಲಲ್ಲೇ ಕಾಗದ ಹಿಡಿದದ್ದು ಅಂತ ಬರ್ದು ಸಹಿ ಹಾಕಿ ಕೊಡಿ. ಇಂಗ್ಲಿಷಿನಲ್ಲಿ ಬರೀರಿ. ಇವಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ.”

ಅಲ್ಲೇ ಕೂತು ಬರೆದೆ. ನಾಲ್ಕೇ ಸಾಲು, ಆದರೆ ಎರಡು ಸಲ ಹರಿದು ಹಾಕಬೇಕಾಯಿತು. ತೆಂಗಿನಮರದ ಮಾತು ಹೇಳಿದವನು ನಾನು ಎಂಬುದನ್ನೂ ಸೇರಿಸಿದೆ. ವಾರಿಜಕ್ಕ ಅದನ್ನು ತಾವು ಓದದೆ ಮಗಳನ್ನು ಕರೆದು ಕೈಗೆ ಕೊಟ್ಟರು. ಅವಳು ನಿಂತುಕೊಂಡೇ, ಶಾಲೆಯಲ್ಲಿ ಪಾಠ ಓದುವವಳ ಹಾಗೆ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಒಮ್ಮೆ ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಅಂಕಲ್ ಎಂದು ಮಲಯಾಳದಲ್ಲಿ ಕೇಳಿದಳು.

ಆ ಎರಡು ಕಾಗದಗಳು ಹೇಗೆ ಒಂದಾದವು ಎಂದು ಯಾರೇ ಕೇಳಲಿ, ನನಗೆ ಗೊತ್ತಿಲ್ಲ ಎನ್ನುತ್ತೇನೆ, ಅದು ನಿಜ. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿತ್ತು. ಅದಕ್ಕೂ ಗೊತ್ತಿಲ್ಲ ಎಂದೇ ಹೇಳಿ ಎದ್ದು ಬಂದೆ.